ಡ್ರಾವರಿನ ಕಿರ್ರ್ ಸದ್ದು

ಕಳೆದ ದಸರಾ ರಜೆಯಲ್ಲಿ ಪುಳ್ಳಿಯನ್ನು ಕರಕೊಂಡು ತೊಡಿಕಾನಕ್ಕೆ ಹೋಗಿದ್ದೆ. ಸುಳ್ಯದಿಂದ ಮಡಿಕೇರಿ ರಸ್ತೆಯಲ್ಲಿ ಅರಂತೋಡಿನವರೆಗೆ ಬಸ್ಸು, ಅಲ್ಲಿಂದ ಒಳಗೆ ರಿಕ್ಷಾ. ಮಲ್ಲಿಕಾರ್ಜುನ ದೇವರಿಗೆ ಕೈಮುಗಿದು ಹೊಳೆಯ ಬದಿಗೆ ಇಳಿದೆವು. ಮತ್ಸ್ಯತೀರ್ಥ ಅಂತ ಹೇಳುವುದು ಅದಕ್ಕೇ. ನೀರಿನಲ್ಲಿ ಮಹಶೀರ್ ಜಾತಿಯ ದೊಡ್ಡ ದೊಡ್ಡ ಮೀನುಗಳು. ಹಿಡಿಯುವ ಹಾಗಿಲ್ಲ, ದೇವರ ಮೀನು. ನಾವು ಅಕ್ಕಿಯ ಪೊಟ್ಟಣ ಇನ್ನೂ ಬಿಚ್ಚಿರಲಿಲ್ಲ, ಕಲ್ಲಿನ ಮೇಲೆ ನಿಂತದ್ದಷ್ಟೆ. ನಮ್ಮ ನೆರಳು ನೀರಿಗೆ ಬಿದ್ದದ್ದೇ ತಡ, ಕಪ್ಪು ಬೆನ್ನುಗಳೆಲ್ಲ ಒಂದರ ಮೇಲೊಂದು ಬಿದ್ದು ನಮ್ಮ ಕಾಲಬುಡಕ್ಕೆ ಬಂದವು.

"ಅಜ್ಜಾ, ನಮ್ಮ ಕೈಯಲ್ಲಿ ಅಕ್ಕಿ ಉಂಟು ಅಂತ ಇವಕ್ಕೆ ಹೇಗೆ ಗೊತ್ತು?"

ಪುಳ್ಳಿ ಐದನೇ ಕ್ಲಾಸು. ಮನೆಯಲ್ಲಿ ಚಿನ್ನು ಅಂತ ಕರೆಯುವುದು. ಅವಳ ಅಮ್ಮ, ಅಂದರೆ ನನ್ನ ಸೊಸೆ, "ದೇವರ ಮೀನಲ್ವಾ ಮಗಾ, ಅವಕ್ಕೆ ಗೊತ್ತಾಗ್ತದೆ" ಅಂದಳು. ದೇವಸ್ಥಾನದ ಎದುರು ನಿಂತು ಸೊಸೆಯ ಹತ್ತಿರ ವಾದ ಮಾಡುವಷ್ಟು ಧೈರ್ಯ ನನಗಿಲ್ಲ. ಆದರೆ ಚಿನ್ನುವಿಗೆ ಅಷ್ಟು ಉತ್ತರ ಸಾಕಾಗಲಿಲ್ಲ. ಬಸ್ಸಿನಲ್ಲಿ ಕೂತ ಮೇಲೆಯೂ ಕೇಳುತ್ತಲೇ ಇದ್ದಳು. ಹಾಗಾಗಿ ಈ ವಾರ ಅದನ್ನೇ ಬರೆಯುತ್ತೇನೆ. ನಡುವೆ ಒಂದು ಬೆತ್ತವೂ ಬರುತ್ತದೆ, ಅಜ್ಜಂದಿರು ಸ್ವಲ್ಪ ಸಹಿಸಿಕೊಳ್ಳಬೇಕು.

ರಷ್ಯಾ ದೇಶದಲ್ಲಿ ಇವಾನ್ ಪಾವ್ಲೋವ್ ಅಂತ ಒಬ್ಬ ವಿಜ್ಞಾನಿ ಇದ್ದರು. 1849ರಲ್ಲಿ ರಿಯಾಜಾನ್ ಎಂಬ ಊರಿನಲ್ಲಿ ಹುಟ್ಟಿದವರು, ಪಾದ್ರಿಯ ಮಗ. ಅವರ ಕೆಲಸ ಮನಸ್ಸಿನ ಬಗ್ಗೆ ಅಲ್ಲ, ಹೊಟ್ಟೆಯ ಬಗ್ಗೆ. ಉಂಡದ್ದು ಹೇಗೆ ಜೀರ್ಣವಾಗುತ್ತದೆ ಎಂದು ನಾಯಿಗಳಲ್ಲಿ ನೋಡಿ ನೋಡಿ 1904ರಲ್ಲಿ ನೊಬೆಲ್ ಬಹುಮಾನ ಪಡೆದರು. ನಾಯಿಯ ಬಾಯಲ್ಲಿ ಊರುವ ಜೊಲ್ಲನ್ನು ಕೆನ್ನೆಯಲ್ಲಿ ಮಾಡಿದ ಸಣ್ಣ ತೂತಿನಿಂದ ಹೊರಗೆ ತಂದು ಹನಿ ಹನಿ ಲೆಕ್ಕ ಹಾಕುವುದು ಅವರ ಕ್ರಮ. (ಪಾಪದ ನಾಯಿ ಅಂತ ಚಿನ್ನು ಹೇಳಿದಳು. ನಿಜವೇ.) ಆಗ ಒಂದು ತಾಪತ್ರಯ ಎದುರಾಯಿತು. ಮಾಂಸ ಬಾಯಿಗೆ ಬೀಳುವ ಮೊದಲೇ ನಾಯಿ ಜೊಲ್ಲು ಸುರಿಸತೊಡಗಿತು. ಊಟ ತರುವ ಆಳನ್ನು ಕಂಡರೂ ಜೊಲ್ಲು, ಅವನ ಹೆಜ್ಜೆ ಸಪ್ಪಳ ಕೇಳಿದರೂ ಜೊಲ್ಲು. ಬೇರೆ ಯಾರಾದರೂ ಆಗಿದ್ದರೆ ಲೆಕ್ಕ ಹಾಳಾಯಿತು ಅಂತ ತಲೆ ಚಚ್ಚಿಕೊಳ್ಳುತ್ತಿದ್ದರು. ಪಾವ್ಲೋವ್ ಹೊಟ್ಟೆಯ ಕೆಲಸ ಬದಿಗಿಟ್ಟು ಇದರ ಹಿಂದೆಯೇ ಬಿದ್ದರು.

ಗಂಟೆ ಬಾರಿಸಿದರು ಅಂತ ನಮ್ಮ ಪಾಠಪುಸ್ತಕಗಳಲ್ಲಿ ಇತ್ತು. ಅವರು ಹೆಚ್ಚಾಗಿ ಬಳಸಿದ್ದು ಸಂಗೀತದವರು ತಾಳಕ್ಕೆ ಇಟ್ಟುಕೊಳ್ಳುವ ಟಿಕ್ ಟಿಕ್ ಯಂತ್ರ, ಬಝರ್, ದೀಪ, ಇಂಥವನ್ನು. ಬರೇ ಟಿಕ್ ಟಿಕ್ ಕೇಳಿದರೆ ನಾಯಿಗೆ ಏನೂ ಅನಿಸುವುದಿಲ್ಲ, ಕಿವಿ ನಿಮಿರಿಸಿ ಸುಮ್ಮನಾಗುತ್ತದೆ. ಟಿಕ್ ಟಿಕ್ ಆದ ಕೂಡಲೇ ಮಾಂಸದ ಪುಡಿ ಕೊಟ್ಟರು. ಹೀಗೆ ಹಲವು ಸಲ. ಆಮೇಲೆ ಮಾಂಸ ಕೊಡದೆ ಟಿಕ್ ಟಿಕ್ ಮಾತ್ರ ಮಾಡಿದರು. ಹನಿಗಳು ಬಿದ್ದವು! ಇದಕ್ಕೆ ನಮ್ಮ ಶಿಕ್ಷಕರ ತರಬೇತಿಯ ಪುಸ್ತಕದಲ್ಲಿ 'ಶಾಸ್ತ್ರೀಯ ಅನುಬಂಧನ' ಎಂಬ ದೊಡ್ಡ ಹೆಸರಿತ್ತು. ಎರಡನ್ನು ಗಂಟು ಹಾಕುವುದು, ಅಷ್ಟೇ ಅದರ ಅರ್ಥ. ನಮ್ಮ ನೆರಳಿಗೂ ಅಕ್ಕಿಗೂ ತೊಡಿಕಾನದ ಮೀನು ಗಂಟು ಹಾಕಿಕೊಂಡಿದೆ.

ಈ ಗಂಟು ಬಿಚ್ಚಿಕೊಳ್ಳುವುದೂ ಉಂಟು. ಅದನ್ನು ನೋಡಲು ನೀವು ರಷ್ಯಾಕ್ಕೆ ಹೋಗಬೇಕಾಗಿಲ್ಲ, ನಮ್ಮ ಪಕ್ಕದ ಮನೆಗೆ ಬಂದರೆ ಸಾಕು. ಅಲ್ಲಿ ಒಂದು ಹಳದಿ ಬೆಕ್ಕು. ಬೆಳಿಗ್ಗೆ ಮೀನಿನವನ ಸ್ಕೂಟರಿನ ಪೋಂ ಪೋಂ ಹಾರ್ನು ತಿರುವಿನಲ್ಲಿ ಕೇಳಿದರೆ ಎಲ್ಲಿದ್ದರೂ ಗೇಟಿಗೆ ಓಡುತ್ತದೆ. ಜೂನ್ 1ರಿಂದ ಜುಲಾಯಿ ಕೊನೆಯವರೆಗೆ 61 ದಿನ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವ ಹಾಗಿಲ್ಲವಲ್ಲ, ಆಗ ನಮ್ಮ ಕಡೆಗೆ ಮೀನಿನವ ಬರುವುದಿಲ್ಲ. ಅದೇ ಸಮಯಕ್ಕೆ ಬನ್ನು, ರಸ್ಕು ಮಾರುವವನೊಬ್ಬ ಬರುತ್ತಾನೆ, ಅವನದ್ದೂ ಪೋಂ ಪೋಂ. ಮೊದಲ ದಿನ ಬೆಕ್ಕು ಓಡಿತು. ರಸ್ಕಿನ ಡಬ್ಬ ಮೂಸಿ, ನಮ್ಮೆಲ್ಲರ ಮುಖ ನೋಡಿ ಹಿಂದೆ ಬಂತು. ಒಂದು ವಾರ ಹಾಗೇ. ಆಮೇಲೆ ಅರ್ಧ ದಾರಿಗೆ ಬಂದು ನಿಲ್ಲತೊಡಗಿತು. ಜುಲಾಯಿ ಹೊತ್ತಿಗೆ ಹಾರ್ನು ಕೇಳಿದರೆ ಒಂದು ಕಿವಿ ಮಾತ್ರ ಅಲ್ಲಾಡಿಸುತ್ತಿತ್ತು. ಗಂಟು ಸಡಿಲವಾಯಿತು ಅಂತ ನಾವು ಅಂದುಕೊಂಡೆವು. ಆಗಸ್ಟಿನಲ್ಲಿ ಮೀನಿನವ ಮತ್ತೆ ಬಂದ. ಒಂದೇ ದಿನ ಬಂಗುಡೆಯ ತಲೆ ಸಿಕ್ಕಿದ್ದು, ಮರುದಿನ ಬೆಕ್ಕು ಅವನಿಗಿಂತ ಮೊದಲೇ ಗೇಟಿನಲ್ಲಿ! ಮೊದಲ ಸಲ ಕಲಿಯಲು ಎಷ್ಟೋ ದಿನ ಹಿಡಿದಿತ್ತು. ಕಲಿತದ್ದು ಅಳಿಸಿ ಹೋಗಿರಲಿಲ್ಲ, ಮೇಲೆ ಧೂಳು ಕೂತಿತ್ತಷ್ಟೆ. ಪಾವ್ಲೋವರ ನಾಯಿಗಳೂ ಹಾಗೇ ಮಾಡಿದ್ದವು.

ಆ ನಾಯಿಗಳ ಇನ್ನೊಂದು ಕಥೆ ಹೇಳದೆ ಮುಂದೆ ಹೋಗಲಾರೆ. 1924ರ ಸೆಪ್ಟೆಂಬರಿನಲ್ಲಿ ಲೆನಿನ್‌ಗ್ರಾಡ್ ನಗರಕ್ಕೆ ದೊಡ್ಡ ನೆರೆ ಬಂತು. ಕುಮಾರಧಾರೆ ಉಕ್ಕಿದ್ದನ್ನು ಕಂಡ ಮಕ್ಕಳಿಗೆ ನೆರೆ ಅಂದರೆ ಏನು ಅಂತ ಹೇಳಬೇಕಾಗಿಲ್ಲ. ನಾಯಿಗಳ ಗೂಡಿಗೆ ನೀರು ನುಗ್ಗಿತು. ಕುತ್ತಿಗೆ ಮಟ್ಟದ ನೀರಿನಲ್ಲಿ ಈಜಿಸಿ ಅವನ್ನು ಹೊರಗೆ ತಂದರು. ಬದುಕಿದವು. ಆದರೆ ಕೆಲವು ನಾಯಿಗಳು ಕಲಿತದ್ದನ್ನೆಲ್ಲ ಮರೆತಿದ್ದವು. ಮತ್ತೆ ಕಲಿಸಿ ಸರಿಮಾಡಿದ ಮೇಲೂ, ಬಾಗಿಲಿನಡಿಯಿಂದ ಸ್ವಲ್ಪ ನೀರು ಹರಿಯಬಿಟ್ಟರೆ ಹೆದರಿ ನಡುಗುವ ನಾಯಿ ಇತ್ತಂತೆ.

ಹೆದರಿಕೆಯ ಗಂಟು ಬಲವಾದದ್ದು. ಅದಕ್ಕೆ ಇನ್ನೊಂದು ಸಾಕ್ಷಿ ಅಮೆರಿಕದ್ದು, ಅದನ್ನು ಓದುವಾಗ ಈಗಲೂ ನನಗೆ ಸಿಟ್ಟು ಬರುತ್ತದೆ. 1920ರಲ್ಲಿ ಜಾನ್ ವಾಟ್ಸನ್ ಮತ್ತು ರೊಸಾಲಿ ರೇನರ್ ಎಂಬಿಬ್ಬರು ಪ್ರಕಟಿಸಿದ ಪ್ರಯೋಗ. ಆಲ್ಬರ್ಟ್ ಎಂದು ಕರೆದ ಒಂದು ಶಿಶು, ಒಂದು ವರ್ಷವೂ ಆಗಿರಲಿಲ್ಲ. ಬಿಳಿ ಇಲಿಯನ್ನು ಕಂಡರೆ ಅದಕ್ಕೆ ಹೆದರಿಕೆಯೇ ಇರಲಿಲ್ಲ, ಕೈಚಾಚುತ್ತಿತ್ತು. ಇಲಿಯನ್ನು ಮುಟ್ಟುವಾಗಲೆಲ್ಲ ಇವರು ಹಿಂದಿನಿಂದ ಕಬ್ಬಿಣದ ಸಲಾಕೆಗೆ ಸುತ್ತಿಗೆಯಿಂದ ಹೊಡೆದು ಢಣ್ ಅಂತ ಸದ್ದು ಮಾಡಿದರು. ಕೆಲವೇ ಸಲದಲ್ಲಿ ಇಲಿಯನ್ನು ಕಂಡರೆ ಸಾಕು, ಅಳು. ಮೊಲ, ನಾಯಿ ಕಂಡರೂ ಹೆದರಿಕೆ. ಮಗು ಅಲ್ಲಿಂದ ಹೋಗುವವರೆಗೂ ಆ ಹೆದರಿಕೆಯನ್ನು ಯಾರೂ ಬಿಡಿಸಲಿಲ್ಲ.

ಸಿಟ್ಟು ಬರುತ್ತದೆ ಅಂದೆ. ಆದರೆ ವಾಟ್ಸನ್ ಒಂದು ಮಗುವಿಗೆ ಮಾಡಿದ್ದನ್ನು ನಾನು ಎಷ್ಟು ಮಕ್ಕಳಿಗೆ ಮಾಡಿದ್ದೇನೋ.

ನಾನು ಲೆಕ್ಕದ ಮಾಸ್ಟ್ರು. ಮೂವತ್ತಕ್ಕಿಂತ ಹೆಚ್ಚು ವರ್ಷ. ಯಾವ ಶಾಲೆ ಅಂತ ಬೇಡ. ತರಬೇತಿಯಲ್ಲಿ ಪಾವ್ಲೋವರ ಬಗ್ಗೆ ಬರೆದು ಒಳ್ಳೆಯ ಅಂಕ ತೆಗೆದುಕೊಂಡವನು. ನನ್ನ ಮೇಜಿಗೆ ಹಲಸಿನ ಮರದ ಒಂದು ಡ್ರಾವರ್ ಇತ್ತು, ಮಳೆಗಾಲದಲ್ಲಿ ಉಬ್ಬಿ ಎಳೆದರೆ ಕಿರ್ರ್ ಅನ್ನುತ್ತಿತ್ತು. ಒಳಗೆ ನಾಗರಬೆತ್ತ. ಆ ಕಾಲದಲ್ಲಿ ಅದು ದೊಡ್ಡ ಸಂಗತಿಯಲ್ಲ, ಮಗ್ಗಿ ತಪ್ಪಿದರೆ ಅಂಗೈಗೆ ಎರಡು. ಹೊಡೆಯಬೇಡಿ ಅಂತ ಹೇಳಿದ ತಂದೆತಾಯಿಗಿಂತ, ಎರಡು ಹೆಚ್ಚೇ ಕೊಡಿ ಮಾಸ್ಟ್ರೇ ಅಂದವರೇ ಜಾಸ್ತಿ. ಅದೇ ಪುತ್ತೂರಿನ ಪರ್ಲಡ್ಕದಲ್ಲಿ ಶಿವರಾಮ ಕಾರಂತರು ಬಾಲವನ ಕಟ್ಟಿ, ಆಟ, ಕುಣಿತ, ಚಿತ್ರ ಎಂದು ಮಕ್ಕಳ ಕಲಿಕೆಯ ಪ್ರಯೋಗ ಮಾಡಿದ್ದು ನನಗೆ ಗೊತ್ತಿತ್ತು. ಅದು ದೊಡ್ಡವರ ಪ್ರಯೋಗ, ನಮಗೆ ಪೋರ್ಷನ್ ಮುಗಿಯಬೇಕು ಅಂತ ನಮ್ಮ ಸ್ಟಾಫ್ ರೂಮಿನ ಸಮಾಧಾನ. ಮಕ್ಕಳಿಗೆ ಹೊಡೆಯಬಾರದು ಅಂತ 2009ರ ಶಿಕ್ಷಣ ಹಕ್ಕು ಕಾಯ್ದೆ ಹೇಳುವ ಹೊತ್ತಿಗೆ ನನ್ನ ಬೆತ್ತದ ಕೆಲಸ ಮುಗಿದಿತ್ತು.

ಎರಡು ವರ್ಷದ ಹಿಂದೆ ಪುತ್ತೂರು ಜಾತ್ರೆಯ ಗದ್ದೆಯಲ್ಲಿ ಒಬ್ಬ ಹಳೆಯ ಶಿಷ್ಯ ಸಿಕ್ಕಿದ. ಕಡಬದ ಹತ್ತಿರ ಅವನದ್ದು ಅಡಿಕೆ ತೋಟ. ಏಪ್ರಿಲ್ 17ರ ರಾತ್ರಿ, ರಥೋತ್ಸವದ ಜನ, ಮೇಲೆ ಸುಡುಮದ್ದಿನ ಬೆಳಕು. ಕಾಲಿಗೆ ಬಿದ್ದ, ಐಸ್‌ಕ್ರೀಮ್ ತೆಗೆಸಿಕೊಟ್ಟ. ಮಾತಿನ ನಡುವೆ ನಗುತ್ತಾ ಹೇಳಿದ: "ಬ್ಯಾಂಕಿನಲ್ಲಿ ಯಾರಾದರೂ ಡ್ರಾವರ್ ಎಳೆದು ಕಿರ್ರ್ ಅಂದರೆ ಈಗಲೂ ನನ್ನ ಅಂಗೈ ಮುಚ್ಚಿಕೊಳ್ಳುತ್ತದೆ ಮಾಸ್ಟ್ರೇ. ಲೆಕ್ಕದ ಪುಸ್ತಕ ಎಲ್ಲ ಹೆಂಡತಿಯದ್ದೇ. ಅಂಕಿ ಕಂಡರೆ ನನಗೆ ಹೊಟ್ಟೆ ತೊಳಸಿದ ಹಾಗಾಗ್ತದೆ." ಅವನಿಗೆ ಈಗ ಐವತ್ತು ದಾಟಿದೆ. ಅವ ನಕ್ಕ, ನಾನೂ ನಕ್ಕ ಹಾಗೆ ಮಾಡಿದೆ. ಐಸ್‌ಕ್ರೀಮ್ ಕೈಯಲ್ಲೇ ಕರಗಿತು.

ನಾನು ಆ ಹುಡುಗನಿಗೆ ಕಲಿಸಲು ಹೊರಟದ್ದು ಮಗ್ಗಿ. ಅವನು ಕಲಿತದ್ದು ಡ್ರಾವರ್. ಪಾವ್ಲೋವರ ಮಾತು ಎಷ್ಟು ನಿಜ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ನನಗೆ ಬೇಡ. ಮೈಯಲ್ಲಿ ಹೆದರಿಕೆ, ಅಸಹ್ಯ, ಆಸೆ ಹೇಗೆ ಕೂರುತ್ತವೆ ಎಂಬುದನ್ನು ಅದು ಸರಿಯಾಗಿ ಹೇಳುತ್ತದೆ.

ಆದರೆ ಎಲ್ಲ ಕಲಿಕೆಯೂ ಇಷ್ಟೇ ಅಂದವರಿದ್ದರು. ವಾಟ್ಸನ್ ಅಂಥವರಲ್ಲಿ ಒಬ್ಬರು. ಅಲ್ಲಿ ನನ್ನ ತಕರಾರು ಶುರು.

ಏನನ್ನು ಬೇಕಾದರೂ ಏನಕ್ಕೆ ಬೇಕಾದರೂ ಗಂಟು ಹಾಕಬಹುದು ಅಂತ ಅವರ ಲೆಕ್ಕ. ನನ್ನ ತಮ್ಮ ಚಿಕ್ಕವನಿದ್ದಾಗ ಹಲಸಿನಹಣ್ಣು ಹೊಟ್ಟೆ ತುಂಬ ತಿಂದು, ಸಂಪಾಜೆ ಘಾಟಿಯ ತಿರುವುಗಳಲ್ಲಿ ಬಸ್ಸಿನ ಕಿಟಕಿಯಿಂದ ಹೊರಗೆ ಎಲ್ಲ ಕಕ್ಕಿದ. ಅಂದಿನಿಂದ ಅರುವತ್ತು ವರ್ಷ, ಹಲಸಿನ ಪರಿಮಳ ಬಂದರೆ ಜಗಲಿಯಿಂದ ಎದ್ದು ಹೋಗುತ್ತಾನೆ. ತಪ್ಪು ಮಾಡಿದ್ದು ಘಾಟಿ, ಶಿಕ್ಷೆ ಹಲಸಿಗೆ! ಬಸ್ಸಿನ ಕೆಂಪು ಬಣ್ಣ ಕಂಡರೆ ಯಾಕೆ ಹಾಗಾಗಲಿಲ್ಲ? ಕಂಡಕ್ಟರನ ಸೀಟಿ ಕೇಳಿದರೆ? 1966ರಲ್ಲಿ ಜಾನ್ ಗಾರ್ಸಿಯಾ ಮತ್ತು ಕೋಲಿಂಗ್ ಎಂಬವರು ಇಲಿಗಳಲ್ಲಿ ಇದನ್ನೇ ತೋರಿಸಿದರು. ಹೊಟ್ಟೆ ಕೆಟ್ಟರೆ ಇಲಿ ದೂರುವುದು ರುಚಿಯನ್ನು, ಬೆಳಕು ಮತ್ತು ಸದ್ದನ್ನಲ್ಲ. ಕಾಲಿಗೆ ಕರೆಂಟು ತಾಗಿದರೆ ಬೆಳಕು, ಸದ್ದನ್ನು ದೂರುತ್ತದೆ, ರುಚಿಯನ್ನಲ್ಲ. ಹುಟ್ಟುವಾಗಲೇ ಮೈಗೆ ತನ್ನದೇ ಒಂದು ಅಂದಾಜು ಉಂಟು ಅಂತಾಯಿತು. ಗಂಟು ಹಾಕುವವ ಎಷ್ಟೇ ಬುದ್ಧಿವಂತನಾದರೂ ಹಗ್ಗ ಅವನ ಮಾತು ಪೂರ್ತಿ ಕೇಳುವುದಿಲ್ಲ.

ಜೊತೆಜೊತೆಗೆ ಬಂದರೆ ಸಾಕು ಎಂಬುದೂ ಸರಿಯಲ್ಲ. ಏಪ್ರಿಲ್ ತಿಂಗಳಲ್ಲಿ ಅಂಗಳದಲ್ಲಿ ಅಡಿಕೆ ಒಣಗುತ್ತಿರುವಾಗ ಸುಬ್ರಹ್ಮಣ್ಯದ ಬದಿಯಲ್ಲಿ ಒಂದು ಕಪ್ಪು ಮೋಡ ಕಂಡರೆ ಅಜ್ಜಿಯಿಂದ ಪುಳ್ಳಿಯವರೆಗೆ ಎಲ್ಲರೂ ಓಡುತ್ತೇವೆ. ಜುಲಾಯಿಯಲ್ಲಿ ಅದೇ ಮೋಡ ಕಂಡರೆ ಯಾರೂ ತಲೆ ಎತ್ತುವುದಿಲ್ಲ. ಮೋಡ ಇದ್ದಾಗಲೂ ಮಳೆ, ಸ್ವಲ್ಪ ಬೆಳಕಾದರೂ ಮಳೆ, ಮತ್ತೆ ಮೋಡ ನೋಡಿ ಏನಾಗಬೇಕು? 1968ರಲ್ಲಿ ರಾಬರ್ಟ್ ರೆಸ್ಕೋರ್ಲಾ ಇಲಿಗಳಲ್ಲಿ ಇಂಥದ್ದನ್ನೇ ಕಂಡರು. ಸದ್ದಿನ ಜೊತೆಗೂ ಶಾಕ್, ಸದ್ದಿಲ್ಲದಾಗಲೂ ಅಷ್ಟೇ ಶಾಕ್ ಬಂದರೆ ಇಲಿ ಸದ್ದಿಗೆ ಹೆದರುವುದಿಲ್ಲ. ಎಷ್ಟು ಸಲ ಜೊತೆಗೆ ಬಂತು ಎಂಬುದಲ್ಲ, ಈ ಸದ್ದು ನನಗೆ ಏನಾದರೂ ಸುದ್ದಿ ಹೇಳುತ್ತದಾ ಎಂಬುದು ಮುಖ್ಯ. ಇಲಿಯೂ ಲೆಕ್ಕ ಹಾಕುತ್ತದೆ ಮಾರಾಯ್ರೆ, ನನ್ನ ಶಿಷ್ಯರಿಗಿಂತ ಚೆನ್ನಾಗಿ.

ತೊಡಿಕಾನದ ಮೀನಿಗೂ ಪಾವ್ಲೋವ್ ಒಬ್ಬರೇ ಸಾಲುವುದಿಲ್ಲ. ನೆರಳು ಅಂದರೆ ಅಕ್ಕಿ ಎಂಬುದು ಅವರ ಪಾಠ. ಮುಂದೆ ಬಂದವನಿಗೆ ಹೆಚ್ಚು ಅಕ್ಕಿ, ಹಾಗಾಗಿ ನುಗ್ಗು ಎಂಬುದು ಥಾರ್ನ್‌ಡೈಕ್, ಸ್ಕಿನ್ನರ್ ಹೇಳಿದ ಬೇರೆ ಪಾಠ. ತಾನು ಮಾಡಿದ್ದರಿಂದ ಏನು ಸಿಕ್ಕಿತು ಅಂತ ನೋಡಿ ಕಲಿಯುವುದು ಅದು.

ಮಾತು ಕಲಿಯುವುದಕ್ಕಂತೂ ಎರಡೂ ಸಾಲವು. ನಮ್ಮ ಸುಳ್ಯದ ಮಕ್ಕಳನ್ನು ನೋಡಿ. ಮನೆಯಲ್ಲಿ ಅರೆಭಾಷೆ, ಅಂಗಡಿಯಲ್ಲಿ ತುಳು, ಶಾಲೆಯಲ್ಲಿ ಕನ್ನಡ. ಒಂದರಿಂದ ಇನ್ನೊಂದಕ್ಕೆ ಮರದಿಂದ ಮರಕ್ಕೆ ಹಾರಿದ ಹಾಗೆ ಹಾರುತ್ತಾರೆ. ಚಿನ್ನು ಮೂರು ವರ್ಷದವಳಿದ್ದಾಗ ಒಂದು ದಿನ "ಅಪ್ಪ ಚಾಕಲೇಟು ತರಿದ" ಅಂದಳು. 'ತರಿದ' ಅಂತ ನಮ್ಮ ಮನೆಯಲ್ಲಿ ಯಾರೂ ಹೇಳಿದವರಿಲ್ಲ. ಓದಿದ, ಓಡಿದ, ಹಾಡಿದ ಅಂತ ಕೇಳಿ ಕೇಳಿ, ಹಾಗಾದರೆ ತರುವುದಕ್ಕೆ 'ತರಿದ' ಅಂತ ತಾನೇ ಒಂದು ವ್ಯಾಕರಣ ಮಾಡಿಕೊಂಡಿದ್ದಾಳೆ! ಯಾವ ಗಂಟೆಯೂ ಅದನ್ನು ಅವಳ ಬಾಯಲ್ಲಿ ಇಟ್ಟದ್ದಲ್ಲ. ಆ ತಪ್ಪನ್ನು ನಾನು ತಿದ್ದಲಿಲ್ಲ. ತನ್ನಷ್ಟಕ್ಕೇ ಹೋಯಿತು, ಹೋದಾಗ ಸ್ವಲ್ಪ ಬೇಸರವೇ ಆಯಿತು.

ಈಗ ಮನೆಯ ಸಂಗತಿ. ಈ ವರ್ಷ ಜೂನಿನಿಂದ ಲೆಕ್ಕದ ಪರೀಕ್ಷೆಯ ದಿನ ಬೆಳಿಗ್ಗೆ ಚಿನ್ನುವಿಗೆ ಹೊಟ್ಟೆನೋವು. ಡಾಕ್ಟ್ರು ನೋಡಿ ಏನಿಲ್ಲ ಅಂದರು. ನಾಟಕ ಅಂತ ಮಗ ಗದರಿದ. ನಾಟಕ ಅಲ್ಲ ಅಂತ ನನಗೆ ಗೊತ್ತಿತ್ತು, ಜಾತ್ರೆಗದ್ದೆಯ ಶಿಷ್ಯನೂ ಹೊಟ್ಟೆಯನ್ನೇ ಮುಟ್ಟಿ ತೋರಿಸಿದ್ದ. ಮೆಲ್ಲಗೆ ಕೇಳಿದಾಗ ಹೊರಬಂತು. ಬೋರ್ಡಿನಲ್ಲಿ ಭಾಗಾಕಾರ ಮಾಡಲು ನಿಂತಾಗ ಬರಲಿಲ್ಲ, ಕ್ಲಾಸು ಪೂರ್ತಿ ನಕ್ಕಿತು. ಬೆತ್ತ ಇರಲಿಲ್ಲ, ಬೆತ್ತ ಬೇಕಾಗಿಯೂ ಇರಲಿಲ್ಲ.

1924ರಲ್ಲಿ ಮೇರಿ ಕವರ್ ಜೋನ್ಸ್ ಎಂಬವರು ಪೀಟರ್ ಎಂಬ ಸಣ್ಣ ಹುಡುಗನ ಮೊಲದ ಹೆದರಿಕೆಯನ್ನು ಬಿಡಿಸಿದ್ದರು. ಅವನು ಇಷ್ಟದ ತಿಂಡಿ ತಿನ್ನುವಾಗ ಮೊಲವನ್ನು ದೂರದಲ್ಲಿ ಇಡುವುದು, ದಿನ ಹೋದ ಹಾಗೆ ಸ್ವಲ್ಪ ಸ್ವಲ್ಪ ಹತ್ತಿರ ತರುವುದು. ಕೊನೆಗೆ ಅವನು ಮೊಲವನ್ನು ಮುಟ್ಟಿ ಆಡಿದ. ಅವಸರ ಮಾಡಿದರೆ ಉಲ್ಟಾ ಆದೀತು, ಮಗು ತಿಂಡಿಗೇ ಹೆದರಲು ಕಲಿತೀತು ಅಂತ ಅವರದ್ದೇ ಎಚ್ಚರಿಕೆ.

ನಮ್ಮಲ್ಲಿ ಮೊಲದ ಬದಲು ಲೆಕ್ಕದ ಪುಸ್ತಕ, ತಿಂಡಿಗೆ ಗೋಳಿಬಜೆ. ಮೊದಲ ದಿನ ಪುಸ್ತಕ ಜಗಲಿಯ ಆಚೆ ತುದಿಯಲ್ಲಿ ಮುಚ್ಚಿಯೇ ಇತ್ತು. ಚಿನ್ನು ಒಮ್ಮೆ ಅದರ ಕಡೆ ನೋಡಿ, ಗೋಳಿಬಜೆ ತಿಂದು ಎದ್ದು ಹೋದಳು. ನಾಲ್ಕೈದು ದಿನ ಕಳೆದ ಮೇಲೆ ಪುಸ್ತಕ ಅವಳ ಬಟ್ಟಲಿನ ಬದಿಗೆ ಬಂತು. ಆಮೇಲೆ ಬಿಚ್ಚಿದ್ದು, ಅದೂ ಅವಳಿಗೆ ಗೊತ್ತಿರುವ ಕೂಡಿಸುವ ಲೆಕ್ಕದ ಪುಟ. ಒಂದು ದಿನ ನಾನೇ ಆಸೆ ತಡೆಯದೆ ಎರಡು ಪುಟ ಮುಂದೆ ಹೋದೆ, ಅವಳ ಮುಖ ಸಣ್ಣದಾಯಿತು, ಮತ್ತೆ ಮೂರು ದಿನ ಹಿಂದೆ. ಅಂತೂ ಮೂರು ನಾಲ್ಕು ವಾರದಲ್ಲಿ ಹೊಟ್ಟೆನೋವು ನಿಂತಿತು.

ಪಾವ್ಲೋವ್ ಗೆದ್ದರು ಅಂತ ನಾನು ಬೀಗಿದೆ. ಮುಂದಿನ ಪರೀಕ್ಷೆಗೆ ನಗುತ್ತಾ ಹೋದಳು, ನಗುತ್ತಾ ಬಂದಳು, ಭಾಗಾಕಾರ ಎಲ್ಲ ತಪ್ಪು! ಹೆದರಿಕೆ ಹೋಗಿತ್ತು. ಅದು ಹೋದ ಜಾಗಕ್ಕೆ ಭಾಗಾಕಾರ ತಾನಾಗಿ ಬಂದು ಕೂರುತ್ತದೆಯೇ? ಗೋಳಿಬಜೆಯಿಂದ ಬಾಗಿಲು ತೆರೆಯಿತಷ್ಟೆ. ಒಳಗೆ ಹೋಗುವುದು ಬೇರೆ ಕೆಲಸ.

ಆ ಕೆಲಸ ತೋಟದಲ್ಲಿ ಆಯಿತು. 437 ಅಡಿಕೆ ಗಿಡ ನೆಡಬೇಕಿತ್ತು, ಒಂದು ಸಾಲಿಗೆ 12. ಎಷ್ಟು ಸಾಲಿಗೆ ಗುರುತು ಹಾಕಬೇಕು ಅಂತ ಕೆಲಸದವರು ಕೇಳಿದರು. ಚಿನ್ನು ಕೋಲಿನಿಂದ ಮಣ್ಣಿನಲ್ಲಿ ಗೀಚತೊಡಗಿದಳು. ಹತ್ತು ಸಾಲಿಗೆ 120, ಮೂವತ್ತಕ್ಕೆ 360, ಇನ್ನು 77 ಉಳಿಯಿತು, ಅದರಲ್ಲಿ ಆರು ಸಾಲು. ಮೂವತ್ತಾರು ಸಾಲು ಅಂತ ಕೂಗಿ ಹೇಳಿ, ಮತ್ತೆ ನಿಂತು, "ಅಜ್ಜಾ, ಐದು ಗಿಡ ಉಳಿಯಿತಲ್ಲ, ಅದನ್ನು ಎಂತ ಮಾಡುವುದು?" ಅಂದಳು. ಸ್ವಲ್ಪ ಹೊತ್ತಿಗೆ ಅವಳೇ, "ಓ, ಶೇಷ ಅಂದರೆ ಇದಾ!" ನಾನು ಬಾಯಿ ಬಿಡಲಿಲ್ಲ. ಮೂವತ್ತು ವರ್ಷ ಶೇಷ, ಶೇಷ ಅಂತ ಬೋರ್ಡಿನಲ್ಲಿ ಬರೆದೆನಲ್ಲ, ಯಾರಿಗಾದರೂ ಒಂದು ಗಿಡ ಕೈಯಲ್ಲಿ ಕೊಟ್ಟಿದ್ದೇನಾ ಅಂತ ಯೋಚಿಸುತ್ತಾ ನಿಂತಿದ್ದೆ. ಆ ಐದು ಗಿಡ ಈಗ ಬಾವಿಯ ಬದಿಯಲ್ಲಿ ಉಂಟು.

ಮನೆಯಲ್ಲಿಯೂ ನನ್ನ ಬರೆಯುವ ಮೇಜು ಹಲಸಿನ ಮರದ್ದೇ, ಅದರ ಡ್ರಾವರೂ ಮಳೆಗಾಲದಲ್ಲಿ ಕಿರ್ರ್ ಅನ್ನುತ್ತದೆ. ಅದರಲ್ಲಿ ನಾನು ಚಾಕಲೇಟು ಇಡುತ್ತೇನೆ, ನಮ್ಮ ಪುತ್ತೂರಿನ ಕ್ಯಾಂಪ್ಕೋದ್ದು. ಸದ್ದು ಕೇಳಿದರೆ ಚಿನ್ನು ಅಡುಗೆಮನೆಯಲ್ಲಿದ್ದರೂ ಓಡಿ ಬರುತ್ತಾಳೆ. ಹೋದ ತಿಂಗಳು ಕಡಬದ ಶಿಷ್ಯ ಮಗಳ ಮದುವೆಯ ಕಾಗದ ಕೊಡಲು ಬಂದಿದ್ದ. ಹೆಸರು ಓದಲು ಕನ್ನಡಕ ಬೇಕಲ್ಲ, ಯೋಚಿಸದೆ ಡ್ರಾವರ್ ಎಳೆದೆ. ಕಿರ್ರ್. ಅವನ ಬಲಗೈ ಪಂಚೆಯ ಮೇಲೆ ಮುಷ್ಟಿಯಾದದ್ದನ್ನು ನಾನು ನೋಡಿದೆ. ಅಷ್ಟು ಹೊತ್ತಿಗೆ ಒಳಗಿನಿಂದ ಚಿನ್ನು ಓಡಿ ಬಂದು ಕೈಚಾಚಿ ನಿಂತಳು.

ಅವನು ಅವಳ ಕೈ ನೋಡಿದ, ತನ್ನ ಕೈ ನೋಡಿದ. ನಾನು ಎರಡು ಚಾಕಲೇಟು ತೆಗೆದೆ, ಒಂದು ಅವಳಿಗೆ, ಒಂದು ಅವನಿಗೆ. ಐವತ್ತು ದಾಟಿದ ಗಂಡಸು, ಕಾಗದ ಬಿಡಿಸಿ ಬಾಯಿಗೆ ಹಾಕಿಕೊಂಡು, "ಇನ್ನೊಮ್ಮೆ ಎಳೆಯಿರಿ ಮಾಸ್ಟ್ರೇ, ನೋಡುವ" ಅಂದ.